ಒಂದು ಕೆಂಪು, ಒಂದು ಹಸಿರು

ಟಕ್, ಟಕ್, ಟಕ್. ಬೆನ್ನ ಹಿಂದಿನ ಸದ್ದು ಕೇಳಿ ಕಡ್ಡಿ ತಿರುಗಿ ನೋಡಿದ. ನೋಡಬಾರದಿತ್ತು.

ಓಟಗಾರರ ಗುಂಪಿನ ತಲೆಗಳ ನಡುವೆ ಮ್ಯಾನೇಜರನ ಬೋಳು ತಲೆ, ಬೆವರು ಸುರಿಯುವ ಮುಖ. ನಾಲ್ಕು ಕಣ್ಣು ಕೂಡಿದವು. ಮೊಣಕಾಲು ನೋವು, ಈ ಸಲದ ಮ್ಯಾರಥಾನ್ ನನಗಿಲ್ಲಪ್ಪ ಅಂತ ನಿನ್ನೆ ತಾನೇ ಅಂಗಡಿಯಲ್ಲಿ ಎಲ್ಲರೆದುರು ನರಳಿದ್ದ ಮನುಷ್ಯ! ಇಲ್ಲೇಕೆ ಬಂದ? ಇನ್ನೇಕೆ, ಕಳ್ಳನನ್ನು ಹಿಡಿಯುವುದಕ್ಕೆ.

ಕಡ್ಡಿ ತನ್ನ ಕಾಲು ನೋಡಿಕೊಂಡ. ಎಡಗಾಲಿಗೆ ಕೆಂಪು ಶೂ, ಬಲಗಾಲಿಗೆ ಹಸಿರು. ಕುರುಡನಿಗೂ ಕಾಣುವಂಥ ಬಣ್ಣ.

"ಏಯ್ ಕಡ್ಡಿ! ನಿಲ್ಲೋ!"

ನಿಲ್ಲುವುದುಂಟೇ? ಓಡಿದ.

ಕಡ್ಡಿ ಶೂ ಅಂಗಡಿಯ ಸೇಲ್ಸ್‌ಮನ್. ದಿನವಿಡೀ ಮಂಡಿಯೂರಿ ಊರವರ ಕಾಲಿಗೆ ಲೇಸು ಕಟ್ಟುವುದು ಅವನ ಹೊಟ್ಟೆಪಾಡು. ಬೆಳಗಾದರೆ ಕ್ಲಬ್ಬಿನವರ ಜೊತೆ ಓಟ. ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದವರ ಫೋಟೊ ಕ್ಲಬ್ಬಿನ ಗೋಡೆಗೆ ಏರುತ್ತದೆ. ಹೋದ ವರ್ಷ ಒಂದೇ ನಿಮಿಷದಲ್ಲಿ ಅವನ ಫೋಟೊ ತಪ್ಪಿತ್ತು. "ಶೂ ಬದಲಾಯ್ಸೋ, ಕಾಲು ತಾನೇ ಓಡತ್ತೆ" ಅಂದಿದ್ದರು ಗೆಳೆಯರು. ಹೇಳುವುದಕ್ಕೇನು! ಅಡಿಯಲ್ಲಿ ಗಟ್ಟಿ ತಗಡಿರುವ, ಹೆಜ್ಜೆ ಹೆಜ್ಜೆಗೂ ಮುಂದಕ್ಕೆ ನೂಕುವ ಆ ಶೂಗಳ ಬೆಲೆಚೀಟಿ ನೋಡಿದರೇ ಅವನಿಗೆ ಜ್ವರ ಬರುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ. ಸರಿ, ಚಾಚೋಣ. ಓಡುವುದು ಹೇಗೆ?

ಅಂಗಡಿಗೆ ಅಂಥವು ಬಂದದ್ದೇ ಎರಡು ಜೋಡಿ, ಒಂದು ಕೆಂಪು, ಒಂದು ಹಸಿರು. ಶೋಕೇಸಿನಲ್ಲಿ ಒಂದೊಂದೇ ಕಾಲಿನದನ್ನು ಇಟ್ಟಿದ್ದರು, ಕದ್ದರೂ ಪ್ರಯೋಜನವಾಗಬಾರದು ಅಂತ. ಕೆಂಪಿನಲ್ಲಿ ಎಡಗಾಲು, ಹಸಿರಿನಲ್ಲಿ ಬಲಗಾಲು. ಉಳಿದರ್ಧಗಳು ಡಬ್ಬಿಯೊಳಗೆ, ಡಬ್ಬಿಗಳು ಗೋದಾಮಿನಲ್ಲಿ, ಗೋದಾಮಿನ ಬೀಗದ ಕೈ ಮ್ಯಾನೇಜರನ ಸೊಂಟದಲ್ಲಿ. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಶಟರ್ ಎಳೆಯುವಾಗ ಕಡ್ಡಿಯ ಕೈ ತಾನಾಗಿ ಶೋಕೇಸಿಗೆ ಹೋಯಿತು. ಇವತ್ತು ರಜೆ. ನಾಳೆ ಬಾಗಿಲು ತೆರೆಯುವ ಮೊದಲು ಒರೆಸಿ ಇಟ್ಟುಬಿಟ್ಟರೆ ಯಾರಪ್ಪನಿಗೆ ಗೊತ್ತಾಗಬೇಕು?

ಈಗ ಗೊತ್ತಾಗಿದೆ.

"ಅಂಗಡಿ ಮಾಲು ಕಾಲಿಗೆ ಹಾಕ್ಕೊಂಡು ಹೊಸ್ತಿಲು ದಾಟಿದ್ರೆ, ಅವತ್ತೇ ಕೆಲಸ ಬಿಟ್ಟ ಹಾಗೆ. ಯಾರೇ ಆಗ್ಲಿ, ಯಜಮಾನ್ರು ಬಿಡಲ್ಲ." ಮ್ಯಾನೇಜರ್ ದಿನಾ ಹೇಳುತ್ತಿದ್ದ ಮಾತು. ಕೆಟ್ಟವನಲ್ಲ ಅವನು. ಅವನೂ ಕ್ಲಬ್ಬಿನವನೇ, ಅವನ ಫೋಟೊವೂ ಇನ್ನೂ ಗೋಡೆ ಏರಿಲ್ಲ. ಇಬ್ಬರದೂ ಒಂಬತ್ತನೇ ಸೈಜು ಅಂತ ತನ್ನ ಹಳೆಯ ಶೂಗಳನ್ನೆಲ್ಲ ಕಡ್ಡಿಗೇ ಕೊಡುತ್ತಿದ್ದ. ಉಂಡ ಮನೆಗೇ ಎರಡು ಬಗೆದೆನಲ್ಲ ಎಂದು ಕಡ್ಡಿಗೆ ಅಳು ಬಂತು. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಈ ಕೆಲಸ ಹೋದರೆ ಹುಟ್ಟುವ ಮಗುವಿಗೆ ಏನು ಮುಖ ತೋರಿಸುವುದು?

ಟಕ್, ಟಕ್. ಸದ್ದು ಬಿಡಲೊಲ್ಲದು. ತನ್ನ ಕಾಲಿನದೇ ಸದ್ದು ತಿರುಗಿ ಬಂದು ಅಟ್ಟುತ್ತಿರುವ ಹಾಗಿತ್ತು. ನೀರಿನ ಮೇಜು ಬಂತು, ನಿಲ್ಲಲಿಲ್ಲ. ಸೇತುವೆಯ ಏರು ಬಂತು, ಅಲ್ಲೂ ಉಸಿರು ಬಿಡಲಿಲ್ಲ. ಪ್ರತಿ ಸಲ ಇಲ್ಲೇ ಅವನ ತೊಡೆ ಸೆಟೆದುಕೊಳ್ಳುತ್ತಿತ್ತು. ಇವತ್ತು ತೊಡೆಗೂ ಹೆದರಿಕೆ.

"ಕಡ್ಡೀ... ಒಂದ್ಮಾತು ಕೇಳೋ... ಯಜಮಾನ್ರಿಗೆ..." ಉಳಿದದ್ದನ್ನು ಏದುಸಿರು ನುಂಗಿತು. ಕೇಳುವುದೇನು, ಯಜಮಾನರಿಗೆ ಹೇಳುತ್ತಾನೆ, ಅಷ್ಟೇ ತಾನೆ. ಅವರಂತೂ ಓಟ ಮುಗಿಯುವ ಗೆರೆಯ ಆಚೆಗೇ ನಿಂತಿದ್ದಾರೆ, ಪದಕ ಹಾಕುವುದಕ್ಕೆ! ಹಿಂದೆ ಹೋದರೆ ಮ್ಯಾನೇಜರ್, ಮುಂದೆ ಹೋದರೆ ಯಜಮಾನರು. ಪಕ್ಕಕ್ಕೆ ಹಾರೋಣವೆಂದರೆ ಎರಡೂ ಕಡೆ ಬೇಲಿ, ಬೇಲಿಯಾಚೆ ಚಪ್ಪಾಳೆ ತಟ್ಟುವ ಜನ. ಅಯ್ಯೋ ದೇವರೇ, ಯಾರಿಗೆ ಬೇಕಿತ್ತು ಈ ಗ್ರಹಚಾರ!

ಕೊನೆಯ ತಿರುವು. ಎತ್ತರದಲ್ಲಿ ಗಡಿಯಾರ. ಮೂರು ಗಂಟೆಯಾಗಲು ಇನ್ನೂ ಎರಡು ನಿಮಿಷ ಬಾಕಿ ಇತ್ತು. ಕಡ್ಡಿ ಗೆರೆ ದಾಟಿದ. ಕ್ಲಬ್ಬಿನವರು ಕಿರುಚಿ ಕುಣಿದರು. ಅವನು ಕುಣಿಯಲಿಲ್ಲ. ಯಜಮಾನರಿಂದ ಮುಖ ತಪ್ಪಿಸಿ ಗುಡಾರದ ಹಿಂದೆ ನುಸುಳಿದ. ಅಲ್ಲಿಗೆ ಕಾಲು ಮುಷ್ಕರ ಹೂಡಿದವು. ಕಂಬ ಹಿಡಿದು, ತಲೆ ಎತ್ತಿ, ಬಾಯಿ ತೆರೆದು ಗಾಳಿ ಕುಡಿದ.

ಟಕ್, ಟಕ್. ಸದ್ದು ಹತ್ತಿರ ಬಂದು ನಿಂತಿತು. ಹೆಗಲ ಮೇಲೆ ಒದ್ದೆ ಕೈ ಬಿತ್ತು. ಕಡ್ಡಿ ಕಣ್ಣು ಮುಚ್ಚಿದ.

"ತಪ್ಪಾಯ್ತು ಸರ್..." ಎನ್ನಲು ಬಾಯಿ ತೆರೆದ.

ಆದರೆ ಮೊದಲು ಮಾತಾಡಿದವನು ಮ್ಯಾನೇಜರ್. "ಪುಣ್ಯಾತ್ಮ, ಎಷ್ಟು ಓಡಿಸ್ತೀಯೋ! ನೀನು ತಿರುಗಿ ನೋಡ್ದೆ ನೋಡು, ಆಗ್ಲೇ ನನ್ನ ಜೀವ ಬಾಯಿಗೆ ಬಂತು. ಯಜಮಾನ್ರಿಗೆ ಹೇಳಕ್ಕೇ ಓಡ್ತಿದ್ದಾನೆ ಅಂದ್ಕೊಂಡೆ. ಮೂರು ಮಕ್ಕಳ ತಂದೆ ಕಣೋ ನಾನು. ನಾಳೆ ಬೆಳಿಗ್ಗೆ ಒರೆಸಿ ಡಬ್ಬಿಗೆ ಇಟ್ಬಿಡ್ತೀನಿ, ಆಣೆಗೂ."

ಕಡ್ಡಿ ಕಣ್ಣು ತೆರೆದು ಕೆಳಗೆ ನೋಡಿದ: ಮ್ಯಾನೇಜರನ ಎಡಗಾಲಿನಲ್ಲಿ ಹಸಿರು, ಬಲಗಾಲಿನಲ್ಲಿ ಕೆಂಪು.