ಹಾಗಲಕಾಯಿ ಗೊಜ್ಜಿನ ಪ್ರಶ್ನೆ

ಅತ್ತೆ ಸೊಸೆಯರಿಬ್ಬರಿಗೂ ಇದ್ದದ್ದು ಒಂದೇ ಫೋನು. ಸೊಸೆ ವಿನುತಳ ಗಂಡ ದಿನಾ ಸ್ನಾನ ಮುಗಿಸಿ ಬಂದವನೇ ಅದನ್ನು ಜಾಲಾಡುತ್ತಿದ್ದ. ಅದಕ್ಕೇ ವಿನುತ ಅವಸರದಲ್ಲಿ, ಚಾಟ್‌ಬಾಟ್‌ಗೆ ಆಗಲೇ ಕಳಿಸಿದ್ದ ಪ್ರಶ್ನೆಯನ್ನು ತಿದ್ದಿದಳು. 'ಗಂಡ ಹೊಡೆಯುತ್ತಾನೆ, ಏನು ಮಾಡಲಿ?' ಎಂದಿದ್ದದ್ದು 'ಹಾಗಲಕಾಯಿ ಗೊಜ್ಜು ಹೇಗೆ ಮಾಡಲಿ?' ಎಂದಾಯಿತು. ಅಷ್ಟರಲ್ಲಿ ಅತ್ತೆ ಬಂದು ಫೋನು ಕಿತ್ತುಕೊಂಡರು.

"ಹಾಗಲಕಾಯಿಯೇ? ಈ ಮನೇಲಿ ಅದನ್ನ ಯಾರೇ ತಿಂತಾರೆ?"

"ಸುಮ್ಮನೆ ಕೇಳಿದೆ, ಅತ್ತೆ."

"ಸುಮ್ಮನೆ ಕೇಳೋಳು ಹೀಗೆ ನಡುಗ್ತಾಳೇನೆ?"

ಪ್ರಶ್ನೆಯ ಕೆಳಗೊಂದು ಪುಟ್ಟ ಬಾಣದ ಗುರುತಿತ್ತು. ಅತ್ತೆ ಅದನ್ನು ಒತ್ತಿದರು. ತಿದ್ದುವ ಮುಂಚಿನ ಪ್ರಶ್ನೆ ಇದ್ದ ಹಾಗೇ ಎದ್ದು ಬಂತು. ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ನಿಂತಿತು.

"ಅವರಿಗೆ ಹೇಳಬೇಡಿ ಅತ್ತೆ. ನಿಮ್ಮ ಕಾಲು ಹಿಡೀತೀನಿ."

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಪರದೆಯನ್ನು ಬೆರಳಲ್ಲಿ ಸರಿಸುತ್ತಾ ಹಳೆಯ ಪ್ರಶ್ನೆಗಳತ್ತ ಹೋದರು. ಒಂದು ಕಡೆ ನಿಲ್ಲಿಸಿದರು. 'ಅಕ್ಕಿ ಸಂಡಿಗೆಗೆ ಉಪ್ಪು ಎಷ್ಟು ಹಾಕಲಿ?' ಎಂದಿತ್ತು.

"ಇದು ನಾನು ಹೋದ ವಾರ ಕೇಳಿದ್ದು," ಎಂದು ಪಿಸುಗುಟ್ಟಿದರು. "ಇದರ ಬಾಣಾನೂ ಒತ್ತು."

ವಿನುತ ಒತ್ತಿದಳು.

'ಮಗ ಹೊಡೆಯುತ್ತಾನೆ, ಯಾರಿಗೆ ಹೇಳಲಿ?'