ಸುರಂಗದ ನಡುವೆ ಸತ್ತ ಬಲ್ಬು

ಆಕುನ್ ಬಲ್ಬನ್ನು ತಂದು ಲಿಯಾಂಗ್‌ನ ಶಾವಿಗೆ ಬಟ್ಟಲಿನ ಪಕ್ಕಕ್ಕೇ ಕುಕ್ಕಿದ. ಸಾರು ಮೇಜಿನ ಮೇಲೆ ಚೆಲ್ಲಿತು.

“ಮೂರನೇ ಜೋಡಿ ಕಣೋ ಇದು. ಇನ್ನೆಷ್ಟು ಸಲ ಸಾಯಿಸ್ಬೇಕು ಅಂತಿದೀಯ ನನ್ನ?”

ಲಿಯಾಂಗ್‌ನ ಗಾಡಿ ಬಿಡಿಭಾಗದ ಅಂಗಡಿಯಲ್ಲಿ ಅಡಿಕೆ ಜಗಿಯುತ್ತ ಕೂತಿದ್ದ ಚಾಲಕರು ಜಗಿಯುವುದನ್ನು ನಿಲ್ಲಿಸಿದರು. ಎಲ್ಲರಿಗೂ ಆಕುನ್‌ನ ಹಳೇ ವ್ಯಾನ್ ಗೊತ್ತು. ಸು-ಆವೊ ಬಂದರಿನ ಮೀನು ತುಂಬಿಕೊಂಡು ಸಮುದ್ರದಂಚಿನ ಬೆಟ್ಟದ ದಾರಿಯಲ್ಲಿ ಹ್ವಾಲಿಯೆನ್‌ಗೆ ಹೋಗುವ ಗಾಡಿ. ದಾರಿಯುದ್ದ ಸುರಂಗ. ಹಳೇ ಹೆಡ್‌ಲೈಟು ಮಂಕಾಗಿದೆ ಅಂತ, ಹೆಚ್ಚು ಪ್ರಖರವಾದ ಬಲ್ಬ್ ಹಾಕು ಅಂತ ಹೇಳಿದವನೇ ಲಿಯಾಂಗ್.

ಲಿಯಾಂಗ್ ಬಲ್ಬನ್ನು ಬೆಳಕಿಗೆ ಹಿಡಿದ. ಗಾಜು ಒಂದು ಕಡೆ ಹಾಲಿನ ಬಣ್ಣಕ್ಕೆ ತಿರುಗಿ ಗುಳ್ಳೆಯಂತೆ ಉಬ್ಬಿತ್ತು.

“ಬೆರಳು ತಾಗಿಸಿದ್ಯಾ? ಜಿಡ್ಡು ತಾಗಿದ್ರೆ ಹೀಗೇ ಉಬ್ಬೋದು.”

“ಯಾರಿಗೆ ಪಾಠ ಮಾಡ್ತಿದೀಯ? ಹತ್ತಿ ಕೈಗವಸು ಹಾಕ್ಕೊಂಡೇ ಕೂರಿಸಿದ್ದು.”

ಸುಳ್ಳಲ್ಲ. ಇಬ್ಬರೂ ಒಂದೇ ವರ್ಷ ಶಾಲೆ ಬಿಟ್ಟು ಒಂದೇ ಗ್ಯಾರೇಜ್ ಸೇರಿದವರು. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನುವುದು ಅಲ್ಲಿ ಬಿದ್ದ ಮೊದಲ ಏಟಿನ ಜೊತೆ ಕಲಿತ ಪಾಠ.

“ವೈರಿಂಗ್?”

“ಬ್ಯಾಟರಿಯಿಂದ ನೇರ ದಪ್ಪ ತಂತಿ ಎಳೆದಿದೀನಿ. ಹೊಸ ರಿಲೇ. ನೀನೇ ಪಕ್ಕದಲ್ಲಿ ನಿಂತು ವೋಲ್ಟೇಜ್ ಅಳೆದೆ. ಮರೆತ್ಯಾ?”

ಲಿಯಾಂಗ್ ಬಲ್ಬಿನ ಬುಡ ತಿರುಗಿಸಿ ನೋಡಿದ.

“ಎಡಗಡೇದು ಬಂದರು ಬಿಡೋವಾಗ್ಲೇ ಹೋಯ್ತು. ಬಲಗಡೇದು ಸುರಂಗದ ತಿರುವಲ್ಲಿ. ಎದುರಿಗೆ ಸಿಮೆಂಟ್ ಲಾರಿ. ಅವನಿಗೆ ನಾನು ಕಾಣ್ಲಿಲ್ಲ. ಗೋಡೆಗೆ ಉಜ್ಜಿ ನಿಂತೆ. ಬಲಗಡೆ ಬಾಗಿಲು ನೋಡ್ಬೇಕಾ? ಬಾ, ತೋರಿಸ್ತೀನಿ.”

“ನಾನು ಕೊಟ್ಟಿದ್ದು ಅಸಲಿ ಮಾಲು, ಆಕುನ್.”

“ಹೌದಾ? ಮೊದಲನೇ ಜೋಡಿ ಚಳಿಗಾಲ ಕಳೀತು. ಎರಡನೇದು ಅದರ ಅರ್ಧಾನೂ ಬರ್ಲಿಲ್ಲ. ಇದು ಹಾಕಿ ಕೈ ತೊಳೆಯೋಷ್ಟರಲ್ಲಿ ಸತ್ತಿದೆ. ದಿನದಿನಕ್ಕೆ ಕಳಪೆ ಆಗ್ತಿದೆ ನಿನ್ನ ಅಸಲಿ. ಡಬ್ಬಿಯ ಮೊಹರೂ ಒಡೆದಿತ್ತು. ಒಳಗಿನ ಒಳ್ಳೇದು ಯಾರ ಗಾಡಿಗೆ ಹೋಯ್ತು?”

ಲಿಯಾಂಗ್ ತಲೆಯೆತ್ತಿದ. “ಮೊಹರು ಒಡೆದಿತ್ತಾ?”

“ನಾಟಕ ಆಡ್ಬೇಡ.”

“ನಾನು ಮನೆಗೆ ತಂದು ಕೊಡೋವಾಗ ಗಟ್ಟಿಯಾಗೇ ಇತ್ತು. ಶೂಚಿನ್ ಕೈಗೇ ಕೊಟ್ಟೆ.”

“ಓಹೋ! ಹಂಗಾದ್ರೆ ನನ್ನ ಹೆಂಡ್ತಿ ಕದ್ದು ಮಾರ್ಕೊಂಡ್ಲು ಅನ್ನು!”

ಚಾಲಕರು ನಕ್ಕರು. ಲಿಯಾಂಗ್ ತಲೆ ತಗ್ಗಿಸಿ ಮೇಜಿನ ಮೇಲೆ ಚೆಲ್ಲಿದ್ದ ಸಾರು ಒರೆಸತೊಡಗಿದ. ಅಷ್ಟು ಸಾಕಾಗಿತ್ತು ಆಕುನ್‌ಗೆ. ಹಸಿವಲ್ಲಿ ಒಂದೇ ಬಟ್ಟಲಲ್ಲಿ ತಿಂದವನು! ಮದುವೆಯಲ್ಲಿ ಪಕ್ಕದಲ್ಲಿ ನಿಂತವನು! ಅಪರಿಚಿತ ಮೋಸ ಮಾಡಿದ್ದರೆ ಎರಡು ಬಾರಿಸಿ ಸುಮ್ಮನಾಗಬಹುದಿತ್ತು. ಇವನಿಗೆ ಏನು ಮಾಡುವುದು?

ಅಂಗಡಿಯ ಮೆಟ್ಟಿಲ ಮೇಲೇ ನಿಂತು ಉಬ್ಬಿದ ಬಲ್ಬಿನ ಫೋಟೋ ತೆಗೆದ. ಬಂದರಿನ ಚಾಲಕರ ಫೋನ್ ಗುಂಪಿಗೆ ಹಾಕಿದ. ಕೆಳಗೆ ಬರೆದ: ‘ಲಿಯಾಂಗ್ ಗೆಳೆಯರಿಗೆ ಮಾರುವ ಸಾವು. ಯಾರೂ ಕೊಳ್ಳಬೇಡಿ.’

ಬೆಂಕಿಗೆ ಗಾಳಿ ಬೇಕಿರಲಿಲ್ಲ. ಬ್ರೇಕ್ ಸವೆದವರೂ, ಹಾರ್ನ್ ಕೆಟ್ಟವರೂ ತಮ್ಮ ಗಾಡಿಯ ಎಲ್ಲ ರೋಗಕ್ಕೂ ಲಿಯಾಂಗ್‌ನೇ ಕಾರಣ ಅಂದರು. ಯಾರೋ ಅಂಗಡಿಯ ಹಲಗೆಗೆ ಕೆಂಪು ಬಣ್ಣ ಎರಚಿದರು. ಮಳೆಗಾಲ ಹಿಡಿಯುವ ಮೊದಲೇ ಅಂಗಡಿಯ ಬಾಗಿಲು ಮುಚ್ಚಿತ್ತು. ಲಿಯಾಂಗ್ ಹೆಂಡತಿ ಮಕ್ಕಳನ್ನು ಕರೆದುಕೊಂಡು ದಕ್ಷಿಣಕ್ಕೆ ಹೋದ. ಕಾವ್‌ಶ್ಯುಂಗ್‌ನಲ್ಲಿ ಯಾರದೋ ಗೋದಾಮಿನಲ್ಲಿ ಮೂಟೆ ಎತ್ತುತ್ತಾನೆ ಅಂತ ಸುದ್ದಿ. ಹೋಗುವ ಮುಂಚೆ ಆಕುನ್‌ನ ಬಾಗಿಲಿಗೆ ಬಂದಿದ್ದ. ಆಕುನ್ ತೆರೆಯಲಿಲ್ಲ.

“ಪಾಪ ಕಣೋ,” ಅಂದಿದ್ದಳು ಶೂಚಿನ್ ಕಿಟಕಿಯಿಂದ ನೋಡುತ್ತ. “ಅವನು ಅಂಥವನಲ್ಲ.”

“ನಿನಗೇನು ಗೊತ್ತು ಅವನ ವಿಷಯ?”

ಅವಳು ಅಕ್ಕಿ ತೊಳೆಯಲು ಹೋದಳು.

ಅಲ್ಲಿಂದ ಇಷ್ಟು ದಿನ ಆಕುನ್ ಹಳೇ ಮಂಕು ಬಲ್ಬುಗಳಲ್ಲೇ ಓಡಿಸಿದ. ಇವತ್ತು ತಾನೇ ರೈಲು ಹತ್ತಿ ತೈಪೇಗೆ ಹೋಗಿ ದೊಡ್ಡ ಅಂಗಡಿಯಲ್ಲಿ ಹೊಸ ಜೋಡಿ ಕೊಂಡ. ಮೊಹರನ್ನು ಉಗುರಿನಿಂದ ಕೆರೆದು ನೋಡಿದ. ಗಟ್ಟಿ. ಬರುವಾಗ ಡಬ್ಬಿ ತೊಡೆಯ ಮೇಲೇ ಇತ್ತು. ಇದು ಬಾಳಿದರೆ ಲಿಯಾಂಗ್ ಕಳ್ಳ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಆಗ ಇದರ ಫೋಟೋವನ್ನೂ ಗುಂಪಿಗೆ ಹಾಕಬೇಕು. ಗೋದಾಮಿನವರೂ ನೋಡಲಿ.

ಡಬ್ಬಿಯನ್ನು ನಡುಮನೆಯ ಮೇಜಿನ ಮೇಲಿಟ್ಟು ಅಂಗಳಕ್ಕೆ ಹೋದ. ಬಾನೆಟ್ ಎತ್ತಿದ, ದೀಪದ ಹಿಂದಿನ ರಬ್ಬರ್ ಟೋಪಿ ಕಳಚಿದ, ಕ್ಲಿಪ್ ಬಿಡಿಸಿದ. ಕೈ ತೊಳೆದು ಒರೆಸಿಕೊಂಡು, ಕೈಗವಸು ಹಾಕಿಕೊಂಡು ಒಳಗೆ ಬಂದ.

ಡಬ್ಬಿ ತೆರೆದಿತ್ತು.

ಶೂಚಿನ್ ಕಡಲ ದೇವಿ ಮಾಝು ತಾಯಿಯ ಪೀಠದ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಬಲ್ಬು. ಇನ್ನೊಂದು ಕೈಯ ಹೆಬ್ಬೆರಳು ಊದುಬತ್ತಿಯ ಬೂದಿಯಲ್ಲಿ ಅದ್ದಿ ಬೆಳ್ಳಗಾಗಿತ್ತು. ಅವಳು ಬೆಚ್ಚಿ ತಿರುಗಿದಳು. ಆಮೇಲೆ ನಾಚಿಕೆಯಿಂದ ನಕ್ಕಳು.

“ಗಾಡಿ ಕನ್ನಡಿಗೆ ಕಟ್ಟಿದ್ದ ತಾಯಿಯ ರಕ್ಷೆ ಚೀಲ ಕಿತ್ತು ಬಿಸಾಕಿದ್ಯಲ್ಲ, ನಾನಿನ್ನೇನು ಮಾಡ್ಲಿ? ನೀನು ಬೈತೀಯ ಅಂತ ಪ್ರತಿ ಸಲ ಬಲ್ಬಿಗೆ ತಾಯಿಯ ಬೂದಿ ಹಚ್ಚಿ, ಅಂಗಿ ಅಂಚಲ್ಲಿ ಒರೆಸಿ, ಗೊತ್ತಾಗದ ಹಾಗೆ ವಾಪಸ್ ಇಡ್ತಿದ್ದೆ.”

ಆಕುನ್‌ನ ಕೈಗವಸಿನ ಕೈ ಗಾಳಿಯಲ್ಲೇ ನಿಂತಿತು.

“ಒಂದೊಂದು ಜೋಡಿ ಸತ್ತಾಗಲೂ ನನ್ನ ಬೂದೀನೇ ಕಮ್ಮಿ ಆಯ್ತೇನೋ ಅಂತ ಇನ್ನಷ್ಟು ತಿಕ್ತಾ ಬಂದೆ; ಈ ಸಲ ದೀಪದ ಎಣ್ಣೇನೂ ಸೇರಿಸಿದೀನಿ, ಏನೂ ಆಗಲ್ಲ ನೋಡು.”