ಬಸಳೆ ಬುಡದ ಬೂದಿ

ವೈರು ಸುಟ್ಟ ವಾಸನೆ ಎಲ್ಲಿ ಬಂದರೂ ಇವತ್ತಿಗೂ ನನಗೆ ತಲ್ಲೂರಿನ ನಮ್ಮ ಮನೆಯ ಬಸಳೆ ಚಪ್ಪರ ನೆನಪಾಗುತ್ತದೆ.

ಗುಜರಿ ಅಂಗಡಿಯ ಸಾಹುಕಾರರು ಹಳೆ ಟಿವಿ, ಕಂಪ್ಯೂಟರುಗಳಿಂದ ಕಿತ್ತ ವೈರುಗಳನ್ನು ಗೋಣಿಯಲ್ಲಿ ತುಂಬಿ ನಮ್ಮ ಅಂಗಳಕ್ಕೆ ತಂದು ಹಾಕುತ್ತಿದ್ದರು. ಅಮ್ಮ ಅದನ್ನು ಸುಟ್ಟು, ಒಳಗಿನ ತಾಮ್ರ ತೆಗೆದು ಕೊಡಬೇಕು. “ನಮ್ಮನಿ ಹತ್ರ ಸುಡುಕ್ ಆತಿಲ್ಲೆ ಮಾರಾಯ್ತಿ, ಸಣ್ ಮಕ್ಳ್ ಇದ್ದೊ” ಎಂದು ಒಂದು ಮಧ್ಯಾಹ್ನ ಅವರು ಹೇಳುವಾಗ ಅಮ್ಮನ ಸೊಂಟದ ಮೇಲೆ ತಮ್ಮ ಕೆಮ್ಮುತ್ತಿದ್ದ.

ಉಳಿದ ಕಪ್ಪು ಬೂದಿಯನ್ನು ಅಜ್ಜಿ ಒಲೆಯ ಬೂದಿಯಂತೆಯೇ ಬಸಳೆ ಬುಡಕ್ಕೆ ಸುರಿಯುತ್ತಿದ್ದಳು. “ಬೂದಿ ಹಾಳ್ ಮಾಡುಕಾಗ” ಎನ್ನುತ್ತಿದ್ದಳು. ಅಂದು ದಪ್ಪ ದಂಟಿನ ಒಂದು ಕಟ್ಟು ಕೊಯ್ದು ಸಾಹುಕಾರರ ಕೈಗಿತ್ತಳು. ಅವರು ಚಪ್ಪರದ ಬುಡವನ್ನೊಮ್ಮೆ ನೋಡಿದರು. ನಕ್ಕು ತೆಗೆದುಕೊಂಡರು.

ಸಂಜೆ ನಾನು ಹಾಲು ತರಲು ಹೋದಾಗ ಅದೇ ಕಟ್ಟು, ಅಜ್ಜಿ ಬಿಗಿದ ಬಾಳೆನಾರು ಸಹ ಬಿಚ್ಚದೆ, ರಸ್ತೆ ತಿರುವಿನಲ್ಲಿ ನೀರು ಹರಿಯುವ ತೋಡಿನ ಬದಿಯಲ್ಲಿ ಬಿದ್ದಿತ್ತು. ಎತ್ತಿಕೊಂಡು ಬಂದೆ. ಅಜ್ಜಿಗೆ ಸಿಟ್ಟು ಬಂತು. “ತಿಂಬ ಸೊಪ್ಪ್ ಯಾರಾರ್ ಬಿಸಾಡ್ತ್ರಾ? ದುಡ್ಡಿನ್ ಸೊಕ್ಕ್.”

ಆಮೇಲೆ ಅದನ್ನು ತೊಳೆದು, ಕಾಯಿ ಅರೆದು ಸಾರು ಮಾಡಿದಳು. ಎಳೆಯ ಎಲೆಗಳನ್ನೆಲ್ಲ ಆರಿಸಿ ತಮ್ಮನ ಅನ್ನಕ್ಕೆ ಹಿಸುಕಿ ಹಾಕಿದಳು.